ಸಹಾಯ ಬೇಕು: ಐಎಸ್‌ಒ 800ರಲ್ಲಿ ಡೈನಾಮಿಕ್ ರೇಂಜ್ ಏರಿದ್ದು ಯಾಕೆ?

ರಾಯಚೂರಿನಿಂದ ನಮಸ್ಕಾರ. ನನ್ನ ಕ್ಯಾಮೆರಾದ ಡೈನಾಮಿಕ್ ರೇಂಜ್, ಅಂದ್ರೆ ಒಂದೇ ಫೋಟೊದಲ್ಲಿ ಹಿಡಿಯಬಲ್ಲ ಬೆಳಕು-ಕತ್ತಲಿನ ಅಂತರ, ಅಳೆದು ನೋಡಿದೆ. 14 ಬಿಟ್ ರಾ (ಸೆನ್ಸರಿನ ಕಚ್ಚಾ ಫೈಲ್), ಲೆನ್ಸಿಗೆ ಮುಚ್ಚಳ, ವ್ಯೂಫೈಂಡರಿಗೆ ಕಪ್ಪು ಬಟ್ಟೆ, ಶಟರ್ 1/4000. ಪ್ರತಿ ಐಎಸ್‌ಒಗೆ ಎರಡು ಕಪ್ಪು ಫ್ರೇಮ್. ಒಂದರಲ್ಲಿ ಇನ್ನೊಂದನ್ನು ಕಳೆದು, ಸ್ಟ್ಯಾಂಡರ್ಡ್ ಡೀವಿಯೇಶನ್ನನ್ನು 1.414ರಿಂದ (ಎರಡು ಫ್ರೇಮಿನ ನಾಯ್ಸ್ ಸೇರಿರುತ್ತೆ, ಅದಕ್ಕೆ √2) ಭಾಗಿಸಿದರೆ ರೀಡ್ ನಾಯ್ಸ್, ಅಂದ್ರೆ ಸೆನ್ಸರನ್ನು ಓದುವಾಗ ಸೇರುವ ಏರುಪೇರು. ಕಳೆಯುವ ಮೊದಲು 1000 ಕೂಡಿಸಿದ್ದೇನೆ. ಇಲ್ಲಾಂದ್ರೆ ಮೈನಸ್ ಸಂಖ್ಯೆಗಳೆಲ್ಲ ಸೊನ್ನೆಯಾಗಿ ನಾಯ್ಸ್ ಸುಳ್ಳೇ ಕಡಿಮೆ ಕಾಣುತ್ತೆ.

ಗರಿಷ್ಠ ಮೌಲ್ಯ 16383, ಬ್ಲ್ಯಾಕ್ ಲೆವೆಲ್ (ಪೂರ್ತಿ ಕಪ್ಪಿನ ಮೌಲ್ಯ) 512. ಇವೆರಡರ ವ್ಯತ್ಯಾಸ ನಾಯ್ಸಿನಿಂದ ಶುರುವಾಗಿ ಎಷ್ಟು ಸಲ ದುಪ್ಪಟ್ಟಾದರೆ ಬರುತ್ತೋ ಅಷ್ಟು ಸ್ಟಾಪ್. ಐಎಸ್‌ಒ 400ರಲ್ಲಿ ನಾಯ್ಸ್ 5.6, ಅಂದ್ರೆ 11.5 ಸ್ಟಾಪ್. 800ರಲ್ಲಿ ರೇಂಜ್ ಇಳಿಯಬೇಕಿತ್ತು, ನಾಯ್ಸೇ 4.4ಕ್ಕೆ ಇಳಿದು 11.8 ಬಂತು!

ಇದು ಡ್ಯುಯಲ್ ಗೇನ್ ಸೆನ್ಸರಿನ (ಒಂದು ಐಎಸ್‌ಒ ದಾಟಿದ ಮೇಲೆ ಕಡಿಮೆ ನಾಯ್ಸಿನ ಬೇರೆ ವರ್ಧನೆಗೆ ಬದಲಾಗುವ ಸೆನ್ಸರ್) ಜಿಗಿತವೋ, ಕ್ಯಾಮೆರಾನೇ ರಾ ಫೈಲನ್ನು ಗುಟ್ಟಾಗಿ ನುಣ್ಣಗೆ ಮಾಡ್ತಿದೆಯೋ? ನುಣುಪು ಮಾಡಿದ ಗುರುತು ಕಾಣಿಸುವ, ಕಪ್ಪು ಫ್ರೇಮಿನ ಫೂರಿಯೇ ಚಿತ್ರ (ನಾಯ್ಸಿನ ಆವರ್ತನಗಳ ನಕ್ಷೆ) ಓದಬಲ್ಲವರು ಇದ್ದರೆ ಫೈಲ್ ಕಳಿಸ್ತೀನಿ. ನಮ್ಮೂರ ಬಿಸಿಲಿನ ಮೇಲೆ ಮಾತ್ರ ಹಾಕಬೇಡಿ, 1/4000ರಲ್ಲಿ ಸೆನ್ಸರ್ ಕಾವಿನ ಪಾಲು ಲೆಕ್ಕಕ್ಕೇ ಬರಲ್ಲ.