ವಿಂಡೋಸ್ 98ಕ್ಕೆ 1 ಜಿಬಿ ರ‍್ಯಾಮ್ ಹಾಕಿದ ಮೇಲೆ ಬೂಟ್ ಆಗ್ತಿಲ್ಲ, ಯಾರಿಗಾದರೂ ಹೀಗಾಗಿದೆಯಾ?

ಪ್ರೆಸ್‌ನವ: ನಮ್ಮ ಹಳೇ ಪೇಜ್‌ಮೇಕರ್ ಫೈಲುಗಳಿಗೋಸ್ಕರ ಒಂದು ಪೆಂಟಿಯಂ 4ರಲ್ಲಿ 98 ಎಸ್ಇ ಉಳಿಸಿಕೊಂಡಿದ್ದೇವೆ. 256 ಎಂಬಿ ತೆಗೆದು, ಎಸ್‌ಪಿ ರೋಡಿನಿಂದ 1 ಜಿಬಿ ತಂದು ಹಾಕಿದೆ. ಈಗ ವಿಂಡೋಸ್ ಶುರು ಮಾಡೋಕೆ ಮೆಮೊರಿ ಸಾಲದು ಅಂತಿದೆ! ರ‍್ಯಾಮ್ ವಾಪಸ್ ಕೊಡಲಾ?

ರಿಪೇರಿ ಅಣ್ಣ: ಬೇಡ ಸಾರ್, ರ‍್ಯಾಮ್ ಸರಿಯಾಗೇ ಇರುತ್ತದೆ. ತಕರಾರು ವಿಕ್ಯಾಶ್‌ದು. ಡಿಸ್ಕ್‌ನಿಂದ ಓದಿದ್ದನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಡ್ರೈವರ್ ಅದು. ರ‍್ಯಾಮ್ ಎಷ್ಟಿದೆ ನೋಡಿ, ಆ ಸಂಗ್ರಹ, ಅಂದರೆ ಕ್ಯಾಶ್, ಎಷ್ಟು ದೊಡ್ಡದಾಗಬಹುದೋ ಅಷ್ಟಕ್ಕೂ ಮೊದಲೇ ಮೆಮೊರಿ ವಿಳಾಸ ಹಿಡಿದಿಡುತ್ತದೆ, ಬಸ್ಸಿನ ಸೀಟಿಗೆ ಟವಲ್ ಹಾಕಿದ ಹಾಗೆ. ಆ ವಿಳಾಸಗಳು ಸಿಗೋದು 3 ಜಿಬಿಯಿಂದ 4 ಜಿಬಿ ನಡುವೆ ಮಾತ್ರ (ಇದು ವಿಂಡೋಸ್‌ನ ವಿಳಾಸಗಳ ಲೆಕ್ಕ, ಹಾಕಿರುವ ರ‍್ಯಾಮ್‌ದಲ್ಲ). ಎಜಿಪಿ (ಗ್ರಾಫಿಕ್ಸ್) ಕಾರ್ಡಿಗೂ ಅಲ್ಲೇ ಜಾಗ ಬೇಕು. 512 ಎಂಬಿ ದಾಟಿದರೆ ಕಿತ್ತಾಟ ಶುರು. ಕೆಲವು ಮಷೀನ್ ಬೂಟ್ ಆಗುತ್ತವೆ, ಆದರೆ ಡಾಸ್ ಕಿಟಕಿ ತೆರೆಯೋಕೆ ಹೋದರೆ ಮೆಮೊರಿ ಇಲ್ಲ ಅಂತವೆ.

ಹೀಗೆ ಮಾಡಿ. ಬೂಟ್ ಆಗುವಾಗ ಎಫ್8 ಒತ್ತಿ, ಕಮಾಂಡ್ ಪ್ರಾಂಪ್ಟ್ ಮಾತ್ರ ಇರುವ ಆಯ್ಕೆಗೆ ಹೋಗಿ. ವಿಂಡೋಸ್ ಸೆಟ್ಟಿಂಗ್‌ಗಳಿರುವ ಸಿಸ್ಟಮ್ ಡಾಟ್ ಐಎನ್ಐ (system.ini) ಫೈಲಿನದೊಂದು ಕಾಪಿ ಇಟ್ಟುಕೊಂಡು, ಡಾಸ್‌ನ ಎಡಿಟ್ ಪ್ರೋಗ್ರಾಂ‌ನಲ್ಲಿ ತೆರೆಯಿರಿ. ಚೌಕ ಬ್ರಾಕೆಟ್‌ನಲ್ಲಿ ವಿಕ್ಯಾಶ್ ([vcache]) ಅಂತ ಇರುತ್ತದೆ, ಇಲ್ಲದಿದ್ದರೆ ನೀವೇ ಸೇರಿಸಿ. ಅದರ ಕೆಳಗೆ ಮ್ಯಾಕ್ಸ್‌ಫೈಲ್‌ಕ್ಯಾಶ್=262144 (MaxFileCache=262144) ಅಂತ ಇಂಗ್ಲಿಷ್ ಅಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ ಟೈಪ್ ಮಾಡಿ. ಲೆಕ್ಕ ಕೆಬಿಯಲ್ಲಿ, ಅಂದರೆ 256 ಎಂಬಿ. 524288ರವರೆಗೂ ಹೋಗಬಹುದು, ಆದರೆ ಪೇಜ್‌ಮೇಕರ್‌ಗೆ ಅಷ್ಟು ಕ್ಯಾಶ್ ಯಾಕೆ?

ಹಳೇ ಮಷೀನ್ ಪ್ರೇಮಿ: ಇಷ್ಟಾದರೂ ಹಠ ಹಿಡಿದರೆ, ಮದರ್‌ಬೋರ್ಡಿನ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಎಜಿಪಿ ಅಪರ್ಚರ್ (ಆ ಕಾರ್ಡಿಗೆ ಮೀಸಲಿಡುವ ವಿಳಾಸದ ಜಾಗ) 64 ಎಂಬಿಗೆ ಇಳಿಸಿ. ಅದಕ್ಕೂ ಬಗ್ಗದಿದ್ದರೆ ಅದೇ ಫೈಲಿನ 386ಎನ್ಹ್ ([386Enh]) ಭಾಗದಲ್ಲಿ ಮ್ಯಾಕ್ಸ್‌ಫಿಸ್‌ಪೇಜ್=20000 (MaxPhysPage=20000) ಹಾಕಿ. ಈ ಸಂಖ್ಯೆ 16ರ ಆಧಾರದ ಹೆಕ್ಸ್‌ನಲ್ಲಿದೆ, ಆಮೇಲೆ ವಿಂಡೋಸ್ 512 ಎಂಬಿಯಷ್ಟೇ ಬಳಸುತ್ತದೆ. ಅರ್ಧ ರ‍್ಯಾಮ್ ಸುಮ್ನೆ ಕೂತಿರುತ್ತೆ, ಇರಲಿ ಬಿಡಿ. ನಿಮ್ಮ ಕೆಲಸಕ್ಕೆ 512 ಧಾರಾಳ.

ಅದೇ ಭಾಗದಲ್ಲಿ ಕನ್ಸರ್ವೇಟಿವ್‌ಸ್ವಾಪ್‌ಫೈಲ್‌ಯೂಸೇಜ್=1 (ConservativeSwapfileUsage=1) ಅಂತ ಹಾಕಿದರೆ, ರ‍್ಯಾಮ್ ತುಂಬುವ ಮೊದಲೇ ಡಿಸ್ಕ್ ಕಡೆ ಓಡುವುದು ಕಡಿಮೆಯಾಗುತ್ತದೆ. ಮೆಮೊರಿ ಬೂಸ್ಟರ್ ಅಂತ ಬರುವ ಪ್ರೋಗ್ರಾಂಗಳನ್ನು ಮಾತ್ರ ಹತ್ತಿರ ಸೇರಿಸಬೇಡಿ. ಬಳಕೆಯಲ್ಲಿರುವುದನ್ನೂ ಡಿಸ್ಕಿಗೆ ತಳ್ಳಿ, ಖಾಲಿ ಜಾಗ ಜಾಸ್ತಿ ತೋರಿಸೋದು ಬಿಟ್ಟರೆ ಅವುಗಳಿಂದ ಏನೂ ಆಗಲ್ಲ.

ಮಂಗಳೂರಿನಿಂದ: ನನ್ನ ಕಥೆ ಬೇರೆ. ಪೆಂಟಿಯಂ ಎಂಎಂಎಕ್ಸ್, ರ‍್ಯಾಮ್ 64ರಿಂದ 128ಕ್ಕೆ ಏರಿಸಿದೆ. ಎರರ್ ಇಲ್ಲ, ಆದರೆ ಮೊದಲಿಗಿಂತ ನಿಧಾನ. ಇದಕ್ಕೂ ಅದೇ ಸಾಲು ಸಾಕಾ?

ರಿಪೇರಿ ಅಣ್ಣ: ಇಲ್ಲ, ಅದು ಬೋರ್ಡಿನ ಮಿತಿ. ದೊಡ್ಡ ಚಿಪ್ ಮೇಲೆ 82439ಟಿಎಕ್ಸ್ ಅಂತ ಇದೆಯಾ ನೋಡಿ. ಇದ್ದರೆ ಇಂಟೆಲ್ 430ಟಿಎಕ್ಸ್ ಚಿಪ್‌ಸೆಟ್. ಅದರ ಎಲ್2 ಕ್ಯಾಶ್ (ಪ್ರೊಸೆಸರ್‌ಗೆ ಹತ್ತಿರದ ಚಿಕ್ಕ, ವೇಗದ ಮೆಮೊರಿ; ವಿಕ್ಯಾಶ್ ಅಲ್ಲ) ಮೊದಲ 64 ಎಂಬಿಗಷ್ಟೇ ಅನ್ವಯ, ಅದರಾಚೆಗಿನದಕ್ಕೆ ಪ್ರತಿ ಸಲವೂ ನೇರ ರ‍್ಯಾಮ್‌ಗೇ ಹೋಗಬೇಕು. ಯಾವ ಸೆಟ್ಟಿಂಗ್‌ಗೂ ಅದು ಬಗ್ಗಲ್ಲ. 64ರಲ್ಲಿ ಡಿಸ್ಕ್ ಸದಾ ಗಿರಗಿರ ಅನ್ನುತ್ತಿದ್ದರೆ 128 ಇರಲಿ, ಡಿಸ್ಕನ್ನೇ ಮೆಮೊರಿಯಾಗಿ ಬಳಸುವ ಸ್ವಾಪ್‌ಗಿಂತ ಅದೇ ಎಷ್ಟೋ ವಾಸಿ. ಇಲ್ಲದಿದ್ದರೆ ಜಾಸ್ತಿ ಹಾಕಿದ್ದನ್ನು ತೆಗೆದುಬಿಡಿ.