‘ಮಾತು ಮುಂದಿದೆ’ ಅಂದ್ರೆ ಬೇಗವೋ, ತಡವೋ?

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಹುಡುಗರು ತಾಳಮದ್ದಲೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಎಡಿಟ್ ಮಾಡುತ್ತಾರೆ. ಆಮೇಲೆ ನೋಡಿದರೆ ಅರ್ಥಧಾರಿಯ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಇದನ್ನು ಸರಿಪಡಿಸೋದು ಹೇಗೆ ಅಂತ ಅವರಿಗಾಗಿ ಎರಡು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ತುಟಿಗೂ ಮಾತಿಗೂ ಹೊಂದಿಕೆ ಅನ್ನೋದಕ್ಕೆ ಬಳಸುವ ‘ಸಿಂಕ್’ ಪದದ ಬಗ್ಗೆ ನನ್ನ ತಕರಾರಿಲ್ಲ, ಅದು ಎಲ್ಲರ ಬಾಯಲ್ಲೂ ಇದೆ. ‘ಸಮಕಾಲಿಕ’ ಅಂತ ಹಾಕಿದರೆ ಓದುವವರು ಕುಮಾರವ್ಯಾಸನ ಕಾಲಕ್ಕೆ ಹೋಗಿಬಿಡುತ್ತಾರೆ! ನಾನು ಸಿಕ್ಕಿಹಾಕಿಕೊಂಡಿರುವುದು ‘ಮುಂದೆ’, ‘ಹಿಂದೆ’ ಎಂಬ ನಮ್ಮದೇ ಪದಗಳಲ್ಲಿ.

ಕರಡಿನಲ್ಲಿ ‘ಆಡಿಯೊವನ್ನು 300 ಮಿಲಿಸೆಕೆಂಡ್ ಮುಂದೆ ಹಾಕಿ’ ಎಂದು ಬರೆದಿದ್ದೆ. ಮಾತು ತಡವಾಗಿದೆ, ಬೇಗ ಬರಲಿ ಅನ್ನೋದು ನನ್ನ ಲೆಕ್ಕ. ಓದಿದ ಹುಡುಗ ಟೈಮ್‌ಲೈನಿನಲ್ಲಿ ಆಡಿಯೊವನ್ನು ಬಲಕ್ಕೆ ಎಳೆದ. ಬಲಕ್ಕೆ ಹೋದಷ್ಟೂ ತಡ. 300 ಇದ್ದದ್ದು 600 ಆಯ್ತು.

ತಪ್ಪು ಅವನದು ಅನ್ನೋಕಾಗಲ್ಲ. ಗಡಿಯಾರ ಐದು ನಿಮಿಷ ಮುಂದಿದೆ ಅಂದರೆ ಬೇಗ. ಮದುವೆ ಮುಂದೆ ಹೋಯ್ತು ಅಂದರೆ ತಡ. ‘ಮುಂದೂಡು’ ಕೂಡ ತಡವೇ. ಇನ್ನು ‘ಎರಡು ದಿನದ ಹಿಂದೆ’ ಆಗಿಹೋದದ್ದು, ‘ಕೆಲಸ ಹಿಂದೆ ಬಿತ್ತು’ ಅಂದರೆ ಇನ್ನೂ ಆಗಬೇಕಾದದ್ದು. ಕೆಲಸ ಮುಂದೆ ಹೋದರೂ ತಡ, ಹಿಂದೆ ಬಿದ್ದರೂ ತಡ! ದಿನನಿತ್ಯದ ಮಾತಿನಲ್ಲಿ ಇದು ಯಾರನ್ನೂ ಕಾಡುವುದಿಲ್ಲ, ಸಂದರ್ಭ ಕೈ ಹಿಡಿಯುತ್ತದೆ. ಟಿಪ್ಪಣಿಯಲ್ಲಿ ಸಂದರ್ಭವೇ ಇಲ್ಲ.

ದಿಕ್ಕು ತಪ್ಪಿದರೆ ಕಿರಿಕಿರಿಯೂ ಒಂದೇ ಥರ ಇರಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಶಿಫಾರಸಿನ ಪ್ರಕಾರ ಧ್ವನಿ ಸುಮಾರು 45 ಮಿಲಿಸೆಕೆಂಡ್ ಬೇಗ ಬಂದರೇ ಗೊತ್ತಾಗುತ್ತದೆ, ತಡವಾದರೆ ಸುಮಾರು 125ರ ತನಕ ಗೊತ್ತಾಗುವುದಿಲ್ಲ. ಗದ್ದೆಯಾಚೆ ಬಟ್ಟೆ ಒಗೆಯುವುದನ್ನು ನೋಡಿದ್ದೀರಲ್ವಾ? ಕೈ ಬಡಿದ ಮೇಲೆ ಸದ್ದು. ತಡದ ಸದ್ದು ಕಿವಿಗೆ ರೂಢಿ, ಮೊದಲೇ ಬರುವ ಸದ್ದು ಅಲ್ಲ.

ಹಾಗಾಗಿ ಈಗ ‘ಮಾತು ತಡ’, ‘ಮಾತು ಬೇಗ’ ಎಂದು ಬದಲಿಸಿದ್ದೇನೆ. ವಿಡಿಯೊ ನೋಡುವ ತಂತ್ರಾಂಶ ವಿಎಲ್‌ಸಿಯಲ್ಲಿ ಕೆ ಕೀಲಿ ಒತ್ತಿದರೆ ಮಾತು 50 ಮಿಲಿಸೆಕೆಂಡ್ ತಡ, ಜೆ ಒತ್ತಿದರೆ ಅಷ್ಟೇ ಬೇಗ. ಹೀಗೆ ಬರೆದ ಮೇಲೆ ಯಾರೂ ಎಡವಲಿಲ್ಲ.

ಇನ್ನೊಂದು ತೊಡಕು ಉಳಿದಿದೆ. ಕೆಲವು ಫೈಲುಗಳಲ್ಲಿ ಮಾತು ಶುರುವಿನಿಂದ ಕೊನೆಯ ತನಕ ಒಂದೇ ಅಳತೆಯಲ್ಲಿ ತಡ. ಸರಿಸಿದರೆ ಮುಗೀತು. ಇನ್ನು ಕೆಲವುದರಲ್ಲಿ ಶುರುವಿನಲ್ಲಿ ಸರಿ, ಹೋಗ್ತಾ ಹೋಗ್ತಾ ತಪ್ಪುತ್ತದೆ. ರಾತ್ರಿ ಬೆಳಕು ಸಾಲದಿದ್ದಾಗ ಕೆಲವು ಫೋನುಗಳು ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಇದ್ದದ್ದನ್ನು ಇಳಿಸಿಬಿಡುತ್ತವೆ, ಎಡಿಟಿಂಗ್ ತಂತ್ರಾಂಶವೋ ಒಂದೇ ವೇಗ ಅಂದುಕೊಂಡಿರುತ್ತದೆ. ಸೆಕೆಂಡಿಗೆ 29.97 ಫ್ರೇಮಿನ ಫೈಲನ್ನು 30 ಅಂದುಕೊಂಡರೂ ಸಾಕು, ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸ. ಇಲ್ಲಿ ಸುಮ್ನೆ ಸರಿಸಿ ಉಪಯೋಗವಿಲ್ಲ. ಮೊದಲು ಹ್ಯಾಂಡ್‌ಬ್ರೇಕಿನಂಥ ವಿಡಿಯೊ ಪರಿವರ್ತನೆ ತಂತ್ರಾಂಶದಲ್ಲಿ ಫ್ರೇಮ್ ವೇಗವನ್ನು ಸ್ಥಿರ ಮಾಡಿಕೊಂಡು ಆಮೇಲೆ ಎಡಿಟ್ ಮಾಡಬೇಕು.

ಈ ಎರಡನ್ನೂ ಹುಡುಗರು ‘ಸಿಂಕ್ ಔಟ್’ ಅಂತಲೇ ಕರೆಯುತ್ತಾರೆ. ಕ್ರಿಯಾಪದದಲ್ಲಾದರೆ ಕಷ್ಟವಿಲ್ಲ: ‘ಮಾತು ತಡವಾಗಿದೆ’, ‘ಮಾತು ಜಾರುತ್ತಾ ಹೋಗುತ್ತದೆ’. ಆದರೆ ಶೀರ್ಷಿಕೆಗೆ ನಾಮಪದ ಬೇಕು. ಮೊದಲನೆಯದಕ್ಕೆ ‘ಅಂತರ’ ಹಾಕಿದ್ದೇನೆ, ಒಪ್ಪುತ್ತದೆ ಅನಿಸುತ್ತದೆ. ಎರಡನೆಯದಕ್ಕೆ ‘ಜಾರಿಕೆ’ ಅಂದರೆ ಪಾಚಿ ಕಟ್ಟಿದ ಮೆಟ್ಟಿಲು ನೆನಪಾಗುತ್ತದೆ. ‘ವಿಚಲನೆ’ ಹುಡುಗರ ಬಾಯಿಗೆ ಒಗ್ಗಲ್ಲ. ದಿನಕ್ಕೆ ಎರಡು ನಿಮಿಷ ನಿಧಾನವಾಗುವ ಗಡಿಯಾರದ ಆ ರೋಗಕ್ಕೆ ನಿಮ್ಮ ಕಡೆ ಹೆಸರೇನಾದರೂ ಇದೆಯಾ? ಗಡಿಯಾರ ರಿಪೇರಿಯವರ ಬಾಯಲ್ಲಿ ಕೇಳಿದವರು ಇದ್ದರೆ ಹೇಳಿ. ಹಾಗೇ ಧಾರವಾಡ, ಕಲಬುರಗಿ ಕಡೆಯವರು ‘ಮುಂದ ಹಾಕು’ ಅಂದರೆ ಯಾವ ಕಡೆ ಎಳೀತೀರಿ ಅಂತಲೂ ತಿಳಿಸಿ.