28 ಅಡಿ ಆರ್‌ವಿ, ಸ್ಯಾನ್ ಡಿಯಾಗೋ, ಜೊತೆಗೆ ಅಪ್ಪ ಅಮ್ಮ: ಗಾಡಿ ಎಲ್ಲಿ ನಿಲ್ಲಿಸೋದು, ಎಲ್ಲಿ ನಡೆಯೋದು?

ಮೊದಲ ಪಯಣ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಜೂನ್ ಎರಡನೇ ವಾರ ಸ್ಯಾನ್ ಡಿಯಾಗೋ ಕಡೆ ಹೊರಟಿದ್ದೇವೆ. ನಾನು, ಹೆಂಡತಿ, ಏಳು ವರ್ಷದ ಮಗಳು, ಮತ್ತೆ ಊರಿಂದ ಬಂದಿರುವ ಅಪ್ಪ ಅಮ್ಮ. ಸ್ಯಾನ್ ಎಲೀಹೋ ಸ್ಟೇಟ್ ಬೀಚ್ ಕ್ಯಾಂಪ್‌ಗ್ರೌಂಡಿನಲ್ಲಿ ನಾಲ್ಕು ರಾತ್ರಿ ಸಿಕ್ಕಿದೆ. ಆರು ತಿಂಗಳು ಮೊದಲೇ, ಬುಕಿಂಗ್ ತೆರೆದ ದಿನವೇ ಕೂತು ಹಿಡಿದದ್ದು. ಆರ್‌ವಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಮನೆಗಾಡಿ, ಓಡಿಸುವುದು ನನಗೆ ಇದೇ ಮೊದಲು. ಅದನ್ನೇ ತೆಗೆದುಕೊಂಡು ಡೌನ್‌ಟೌನ್ ಒಳಗೆ ಹೋಗಬಹುದಾ? ಒಂದು ರಾತ್ರಿ ಸಿಟಿಯಲ್ಲೇ ರಸ್ತೆ ಬದಿ ನಿಲ್ಲಿಸಿದರೆ ತೊಂದರೆ ಇದೆಯಾ? ಅಮ್ಮನಿಗೆ ಮಂಡಿ ನೋವು, ಆದರೆ ಸಮುದ್ರ ಕಾಣುವ ಹಾಗೆ ಸ್ವಲ್ಪ ನಡೆಯಬೇಕು ಅನ್ನುವ ಆಸೆ ತುಂಬಾ ಇದೆ. ನನಗೂ ಮಗಳಿಗೂ ಒಂದು ನಿಜವಾದ ಗುಡ್ಡ ಹತ್ತಬೇಕು. ಗೊತ್ತಿರುವವರು ದಯವಿಟ್ಟು ಹೇಳಿ.

ಅಲೆಮಾರಿ ದಂಪತಿ:

ಆರ್‌ವಿಯನ್ನು ಕ್ಯಾಂಪ್‌ಗ್ರೌಂಡಿನಲ್ಲಿ ನಿಲ್ಲಿಸಿದ ಮೇಲೆ ಹೊರಡುವ ದಿನದವರೆಗೂ ಅಲುಗಾಡಿಸಬೇಡಿ. ಸಿಟಿಯಲ್ಲಿ ರಾತ್ರಿ ನಿಲ್ಲಿಸುವ ಯೋಚನೆಯನ್ನಂತೂ ಬಿಟ್ಟೇ ಬಿಡಿ. 27 ಅಡಿ ಉದ್ದ, 7 ಅಡಿ ಎತ್ತರ ದಾಟಿದ ಗಾಡಿಗಳನ್ನು ಪರ್ಮಿಟ್ ಇಲ್ಲದೆ ಬೆಳಗಿನ ಜಾವ 2ರಿಂದ 6ರವರೆಗೆ ಸ್ಯಾನ್ ಡಿಯಾಗೋ ಸಿಟಿ ರಸ್ತೆಗಳಲ್ಲಿ ನಿಲ್ಲಿಸುವ ಹಾಗಿಲ್ಲ. ನಿಮ್ಮದು 28 ಅಡಿ.

ನಿಮ್ಮ ಕ್ಯಾಂಪ್‌ಗ್ರೌಂಡ್ ಮುಂದಿನ ರಸ್ತೆಯಲ್ಲೇ 101 ನಂಬರ್ ಬಸ್ ಓಡಾಡುತ್ತದೆ. ಕಡಲ ಪಕ್ಕದಲ್ಲೇ ಡೆಲ್ ಮಾರ್, ಟೋರಿ ಪೈನ್ಸ್ ದಾಟಿ ಯುಟಿಸಿ ಅನ್ನುವ ಬಡಾವಣೆವರೆಗೆ ಹೋಗುತ್ತದೆ. ಅಲ್ಲಿ ಬ್ಲೂ ಲೈನ್ ಟ್ರಾಲಿ (ಸಿಟಿಯೊಳಗಿನ ರೈಲು) ಹತ್ತಿದರೆ ಓಲ್ಡ್ ಟೌನ್, ಡೌನ್‌ಟೌನ್ ಎಲ್ಲಾ ಆಯ್ತು. ಆ ಟ್ರಾಲಿ ಯುಟಿಸಿವರೆಗೆ ಬಂದದ್ದು 2021ರಲ್ಲಿ, ಹಾಗಾಗಿ ಹಳೆಯ ಪ್ರವಾಸದ ಬರಹಗಳಲ್ಲಿ ಈ ದಾರಿ ಸಿಗುವುದಿಲ್ಲ. ಬಸ್ಸಿನ ಕಿಟಕಿಯಿಂದ ಸಮುದ್ರ ನೋಡುತ್ತಾ ಹೋಗುವುದೇ ಅಪ್ಪ ಅಮ್ಮನಿಗೆ ಖುಷಿ ಕೊಡುತ್ತದೆ, ನೋಡಿ ಬೇಕಾದರೆ.

ನಡಿಗೆಗೆ ಮಾತ್ರ ಒಂದು ದಿನ ಚಿಕ್ಕ ಕಾರು ಬಾಡಿಗೆಗೆ ತೆಗೆದುಕೊಳ್ಳಿ. ಟೋರಿ ಪೈನ್ಸ್ ಅನ್ನುವ ಕಡಲ ಪಕ್ಕದ ರಕ್ಷಿತ ಕಾಡಿನಲ್ಲಿ ಕೆಳಗಿನ ಗೇಟಿನಿಂದ ಮೇಲಕ್ಕೆ ಹೋಗುವ ರಸ್ತೆ ಒಳ್ಳೇ ಏರು, ಅಮ್ಮನ ಮಂಡಿ ಅಲ್ಲೇ ಸೋತುಬಿಡುತ್ತದೆ. ಮೇಲೆ ಗಯ್ ಫ್ಲೆಮಿಂಗ್ ಟ್ರೇಲ್ ಅನ್ನುವ ಕಾಲುದಾರಿ ಇದೆ. ಒಂದು ಮೈಲಿಯೂ ಇಲ್ಲ, ಹೆಚ್ಚು ಏರಿಳಿತವೂ ಇಲ್ಲ. ಜಾಗಕ್ಕೆ ಹೆಸರು ಕೊಟ್ಟ ಟೋರಿ ಪೈನ್ ಮರ ತಾನಾಗಿ ಬೆಳೆಯುವುದು ಇಲ್ಲಿ ಬಿಟ್ಟರೆ ಸ್ಯಾಂಟಾ ರೋಸಾ ದ್ವೀಪದಲ್ಲಿ ಮಾತ್ರ. ಮಗಳಿಗೆ ಹೇಳಿ, ಮರ ಮುಟ್ಟಿ ನೋಡುತ್ತಾಳೆ. ತಿಂಡಿ ಗಾಡಿಯಲ್ಲೇ ಇರಲಿ, ಟ್ರೇಲ್ ಮೇಲೆ ನೀರು ಬಿಟ್ಟು ಬೇರೇನೂ ಒಯ್ಯುವಂತಿಲ್ಲ.

ಮಂಜಿನ ಬೆಳಗು:

ಜೂನ್ ಅಂದಿರಿ ಅಲ್ವಾ, ಅದಕ್ಕೆ ಬರೆಯುತ್ತಿದ್ದೇನೆ. ಮೇ, ಜೂನ್‌ನಲ್ಲಿ ಕಡಲ ಮೇಲಿನ ತಣ್ಣನೆ ಗಾಳಿಯ ಜೊತೆ ಮೋಡ ದಡಕ್ಕೆ ಬಂದು ಕೂರುತ್ತದೆ. ಎಷ್ಟೋ ದಿನ ಮಧ್ಯಾಹ್ನದವರೆಗೂ ಬಿಸಿಲೇ ಇರುವುದಿಲ್ಲ. ಇಲ್ಲಿನವರು ಇದನ್ನು ಜೂನ್ ಗ್ಲೂಮ್ ಅನ್ನುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ಬೆಳಗು ಇಲ್ಲ. ಗುಡ್ಡ ಬೆಳಿಗ್ಗೆ ಹತ್ತಿ, ಸಮುದ್ರ ಮಧ್ಯಾಹ್ನದ ಮೇಲೆ ನೋಡಿ.

ಗುಡ್ಡ ಅಂದರೆ ಕೌಲ್ಸ್ ಮೌಂಟನ್. ಸಿಟಿಯೊಳಗಿನ ಅತಿ ಎತ್ತರದ ಜಾಗ, ಸುಮಾರು 1,590 ಅಡಿ. ಗಾಲ್ಫ್‌ಕ್ರೆಸ್ಟ್ ಕಡೆಯಿಂದ ಹೋಗಿ ಬರಲು ಒಟ್ಟು ಮೂರು ಮೈಲಿ. ನೆರಳು ಅನ್ನುವುದೇ ಇಲ್ಲ, ಬಿಸಿಲೇರಿದರೆ ಮಗುವಿಗೆ ಕಷ್ಟ. ಏಳು ಗಂಟೆಗೆಲ್ಲ ಹತ್ತಲು ಶುರು ಮಾಡಿ, ನೀರು ಜಾಸ್ತಿ ಇರಲಿ. ಬುಡುಬುಡಿಕೆ ಹಾವು ಇರುವ ಜಾಗ, ಪೊದೆಯೊಳಗೆ ಕೈ ಕಾಲು ಹಾಕದಂತೆ ಮಗಳಿಗೆ ಹೇಳಿಡಿ.

ಮಧ್ಯಾಹ್ನ ಪಾಯಿಂಟ್ ಲೋಮಾದ ಕಬ್ರೀಲ್ಯೋ ರಾಷ್ಟ್ರೀಯ ಸ್ಮಾರಕಕ್ಕೆ ಹೋಗಿ. ಅಲ್ಲಿನ ಹಳೆಯ ದೀಪಸ್ತಂಭದ ಕಥೆ ನನಗೆ ಬಹಳ ಇಷ್ಟ. 1855ರಲ್ಲಿ ದೀಪ ಹಚ್ಚಿದರು. ಸಮುದ್ರದಿಂದ 400 ಅಡಿಗೂ ಎತ್ತರ, ಎಷ್ಟೋ ದೂರದ ಹಡಗಿಗೆ ಕಾಣಲಿ ಅಂತ. ಆದರೆ ಇದೇ ಮಂಜು, ಇದೇ ಮೋಡ ಬಂದು ಬೆಳಕನ್ನು ಮುಚ್ಚಿಬಿಡುತ್ತಿತ್ತು. ಕೊನೆಗೆ 1891ರಲ್ಲಿ ಅದನ್ನು ಆರಿಸಿ, ಕೆಳಗೆ ನೀರಿನ ಹತ್ತಿರ ಹೊಸದು ಕಟ್ಟಿದರು. ಅಪ್ಪ ಅಮ್ಮ ಅಲ್ಲೇ ಕೂತು ಕೊಲ್ಲಿ ನೋಡಬಹುದು. ಬೇಸೈಡ್ ಟ್ರೇಲ್‌ಗೆ ನೀವಿಬ್ಬರೇ ಹೋಗಿ, ಇಳಿದದ್ದನ್ನೆಲ್ಲ ವಾಪಸ್ ಹತ್ತಬೇಕು. ಬಂಡೆಗಳ ನಡುವಿನ ಜೀವಿಗಳನ್ನು ನೋಡುವುದಾದರೆ ಚಳಿಗಾಲವೇ ಸರಿ.

ನೀಲಿ ಟ್ಯಾಂಕ್:

ಗಾಡಿ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಮಗೆ ಬಾಡಿಗೆ ಕೊಟ್ಟವರು ಒಳಗಿನ ಬ್ಯಾಟರಿ ಹಳತಾಗಿದೆ ಅಂತ ಹೇಳಲೇ ಇಲ್ಲ. ಮೊದಲ ರಾತ್ರಿ ಎರಡು ಗಂಟೆಗೆ ಫ್ರಿಡ್ಜೂ ನಿಂತಿತು, ದೀಪವೂ ಹೋಯಿತು. ಅತ್ತೆಯವರ ಇನ್ಸುಲಿನ್ ಫ್ರಿಡ್ಜಿನಲ್ಲಿತ್ತು, ಆ ಭಯ ನನಗೆ ಇನ್ನೂ ಮರೆತಿಲ್ಲ. ಗಾಡಿ ತೆಗೆದುಕೊಳ್ಳುವಾಗಲೇ ಎಂಜಿನ್ ಆಫ್ ಮಾಡಿಸಿ, ದೀಪ, ಪಂಪು, ಫ್ರಿಡ್ಜು ಎಲ್ಲಾ ಓಡಿಸಿ ನೋಡಿ. ಸ್ಟೇಟ್ ಪಾರ್ಕ್‌ಗಳಲ್ಲಿ ಜನರೇಟರ್ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ. ರಾತ್ರಿ ಬ್ಯಾಟರಿಯೇ ಗತಿ.

ಐದು ಜನಕ್ಕೂ ಸೀಟ್ ಬೆಲ್ಟ್ ಇದೆಯಾ ಎಣಿಸಿ. ಕ್ಯಾಲಿಫೋರ್ನಿಯಾದಲ್ಲಿ ಎಂಟು ವರ್ಷದೊಳಗಿನ ಮಕ್ಕಳಿಗೆ ಬೂಸ್ಟರ್ ಸೀಟ್ ಬೇಕು, ಅದು ಕೂರುವ ಜಾಗ ಇದೆಯಾ ಅಂತಲೂ ನೋಡಿ. ತಿರುವಿನಲ್ಲಿ ಹಿಂದಿನ ಚಕ್ರದ ಆಚೆ ಇರುವ ಭಾಗ ಇನ್ನೊಂದು ಕಡೆಗೆ ಬೀಸುತ್ತದೆ, ಪೆಟ್ರೋಲ್ ಬಂಕಿನಲ್ಲಿ ಅಲ್ಲೇ ಕಂಬಕ್ಕೆ ತಾಗುವುದು. ಮನೆ ಹತ್ತಿರ ಒಂದು ಖಾಲಿ ಮೈದಾನದಲ್ಲಿ ಅರ್ಧ ಗಂಟೆ ತಿರುಗಿಸಿ ಅಭ್ಯಾಸ ಮಾಡಿ. ಟ್ಯಾಂಕ್ ಖಾಲಿ ಮಾಡುವಾಗ ಮೊದಲು ಬ್ಲ್ಯಾಕ್ (ಟಾಯ್ಲೆಟ್ಟಿನದು), ಆಮೇಲೆ ಗ್ರೇ (ಸಿಂಕು, ಸ್ನಾನದ ನೀರಿನದು). ಪಾತ್ರೆ ತೊಳೆದ ನೀರು ಪೈಪನ್ನೂ ತೊಳೆದುಕೊಂಡು ಹೋಗುತ್ತದೆ.

ಮೊದಲ ಪಯಣ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಸ್ತೆ ಬದಿ ನಿಲ್ಲಿಸುವ ಯೋಚನೆ ಬಿಟ್ಟೆವು, ಒಂದು ದಿನಕ್ಕೆ ಕಾರು ಹೇಳಿದ್ದೇವೆ. ಅಮ್ಮನೂ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಬ್ಯಾಟರಿ ವಿಷಯ ಹೇಳಿದ್ದು ದೊಡ್ಡ ಉಪಕಾರ. ಇನ್ನೊಂದೇ ಪ್ರಶ್ನೆ: ಟೋರಿ ಪೈನ್ಸ್ ಮೇಲಿಂದ ಬೀಚ್ ಟ್ರೇಲ್ ಇಳಿದು, ಮರಳಿನ ಮೇಲೇ ನಡೆದು ಗೇಟಿಗೆ ಬರಬಹುದಾ?

ಅಲೆಮಾರಿ ದಂಪತಿ:

ಬರಬಹುದು, ನೀರು ಇಳಿದಿದ್ದರೆ ಮಾತ್ರ. ಉಬ್ಬರದ ಹೊತ್ತಿಗೆ ಅಲೆ ಬಂಡೆಯ ಬುಡಕ್ಕೇ ಬಂದು ಬಡಿಯುತ್ತದೆ, ನಿಲ್ಲಲೂ ಜಾಗ ಇರುವುದಿಲ್ಲ. ಹಿಂದಿನ ರಾತ್ರಿಯೇ ಉಬ್ಬರ ಇಳಿತದ ವೇಳೆ ನೋಡಿಟ್ಟುಕೊಳ್ಳಿ. ಮರಳುಗಲ್ಲಿನ ಆ ಗೋಡೆ ಆಗಾಗ ಕುಸಿಯುತ್ತದೆ, ಅದರ ಬುಡದಲ್ಲಿ ಕೂರಬೇಡಿ, ನೀರಿನ ಕಡೆಗೇ ನಡೆಯಿರಿ. ಅಪ್ಪ ಅಮ್ಮ ಕಾರಿನಲ್ಲಿ ಕೆಳಗೆ ಬಂದಿರಲಿ.